ಸಂಜೆಗಳಿಗೆ ಕೊಂಡ ಕಾರು

ನರ್ಸಕ್ಕನ ಕಾರು ನಿಂತದ್ದು ಎರಡನೆಯ ಮನೆಗೂ ಮೂರನೆಯ ಮನೆಗೂ ನಡುವೆ, ಏರು ರಸ್ತೆಯ ಅರ್ಧದಲ್ಲಿ. ಮೊದಲು ಹೊಗೆ ಬಂತು, ಆಮೇಲೆ ಒಳಗೆ ಯಾರೋ ಪಾತ್ರೆ ಎಸೆದಂಥ ಸದ್ದು, ಆಮೇಲೆ ಏನೂ ಇಲ್ಲ. ಆಕೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತಿ, ಪಟ್ಟಿ, ಮುಲಾಮು, ರಬ್ಬರ್ ಶೀಟುಗಳಿದ್ದ ಚೀಲವನ್ನು ಹೆಗಲಿಗೇರಿಸಿ ನಡೆಯತೊಡಗಿದಳು. ಮೂರನೆಯ ಮನೆಯಲ್ಲಿ ಒಬ್ಬರು ಬೆಳಗಿನಿಂದ ಒದ್ದೆ ಹಾಸಿಗೆಯಲ್ಲಿ ಮಲಗಿ ಆಕೆಗಾಗಿ ಕಾಯುತ್ತಿದ್ದರು. ಕಾರಿನ ಚಿಂತೆ ಆಮೇಲೆ ಮಾಡಬಹುದಿತ್ತು.

ನರ್ಸಕ್ಕ ಎನ್ನುವುದು ಮನೆಮನೆಯವರು ಕೊಟ್ಟ ಹೆಸರು. ಆಕೆ ನರ್ಸಿಂಗ್ ಓದಿದವಳಲ್ಲ. ಹಾಸಿಗೆ ಹಿಡಿದವರ ಮನೆಗೆ ಹೋಮ್ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯೊಂದರಲ್ಲಿ ಕೆಲಸ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟುವುದು, ಗಂಜಿ ಕುಡಿಸುವುದು. ಆಕೆಯ ಪಾಲಿಗೆ ಬಂದ ಮನೆಗಳೆಲ್ಲ ಊರಂಚಿನವು, ಬಸ್ಸು ಹೋಗದ ಕಡೆಯವು. ಆ ರೂಟಿಗೆ ಏಜೆನ್ಸಿ ಸ್ವಲ್ಪ ಹೆಚ್ಚು ಸಂಬಳ ಕೊಡುತ್ತದೆ, ಆದರೆ ಗಾಡಿ ನಿಮ್ಮದೇ ಇರಬೇಕು ಎನ್ನುತ್ತದೆ. ಆ ಸಂಬಳದ ಮೇಲೆ ನಿಂತಿರುವುದು ಎರಡು ಕೋಣೆಯ ಬಾಡಿಗೆ ಮನೆ, ಅದರೊಳಗೆ ಆಕೆ ಮತ್ತು ಅಮ್ಮ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಹೆಚ್ಚು ಹೊತ್ತು ನೋಡದೆ ಮುಚ್ಚಿದ.

"ಅಕ್ಕಾ, ಇದಕ್ಕೆ ಎಂಜಿನ್ ಹಾಕೋ ದುಡ್ಡಲ್ಲಿ ಇಂಥವೇ ಎರಡು ಗಾಡಿ ಬರುತ್ತೆ."

"ಕಂತು ಇನ್ನೂ ಮುಗಿದಿಲ್ಲಪ್ಪ."

"ಗಾಡಿ ಮುಗೀತಲ್ಲ."

ಆ ಕಾರನ್ನು ಆಕೆ ಕೊಂಡದ್ದು ಹಳೇ ಕಾರುಗಳನ್ನು ಮಾರುವ ಅಂಗಡಿಯೊಂದರಲ್ಲಿ. ಬೆಲೆ ಎಷ್ಟು ಎಂದು ಆಕೆ ಕೇಳಿದಾಗ ಅಂಗಡಿಯವನು, "ಬೆಲೆ ಬಿಡಿ ಅಕ್ಕ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ, ಅದು ಹೇಳಿ" ಎಂದಿದ್ದ. ಆಕೆ ಹೇಳಿದಳು. ಅವನು ಕ್ಯಾಲ್ಕುಲೇಟರ್ ಒತ್ತಿ, ಆ ಮೊತ್ತಕ್ಕೆ ಹೊಂದುವ ತನಕ ವರ್ಷಗಳನ್ನು ಎಳೆದ. ತಿಂಗಳ ಲೆಕ್ಕ ಕೈಗೆಟುಕುವಂತಿತ್ತು, ಹಾಗಾಗಿ ಒಟ್ಟು ಎಷ್ಟಾಯಿತು ಎಂದು ಆಕೆ ಕೇಳಲಿಲ್ಲ. ಕಾರಿನ ಆಯಸ್ಸಿಗಿಂತ ಕಂತಿನ ಆಯಸ್ಸು ಉದ್ದವಾಗಬಹುದು ಎನ್ನುವುದು ಆಗ ಹೊಳೆಯಲಿಲ್ಲ. ಈಗ ಗುಜರಿಯವನು ಕೊಟ್ಟ ಪುಡಿಗಾಸು ಒಂದು ಕಂತಿಗೂ ಸಾಲದಾಯಿತು.

ಏಜೆನ್ಸಿಯ ಸೂಪರ್‌ವೈಸರ್ ಮೇಡಂ ಕೆಟ್ಟವರೇನಲ್ಲ. ಫೋನಿನಲ್ಲಿ ದನಿ ಏರಿಸಲಿಲ್ಲ. "ಈ ತಿಂಗಳ ಕೊನೆಯವರೆಗೆ ಹೇಗೋ ತಳ್ಳಿ. ಆಮೇಲೂ ಗಾಡಿ ಇಲ್ಲ ಅಂದ್ರೆ ರೂಟು ಬೇರೆಯವರಿಗೆ ಕೊಡಬೇಕಾಗುತ್ತೆ. ನನ್ನ ಕೈಲೂ ಏನಿಲ್ಲಮ್ಮ" ಎಂದರು. ಬೇರೆ ರೂಟು ಖಾಲಿ ಇದೆಯೇ ಎಂದು ಆಕೆ ಕೇಳಿದಳು. ಇರಲಿಲ್ಲ.

ಆಕೆ ಮತ್ತೆ ಅದೇ ಅಂಗಡಿಗೆ ಹೋದಳು. ಅಂಗಡಿಯವನಿಗೆ ಗುರುತು ಹತ್ತಿತು, ಕುರ್ಚಿ ಹಾಕಿಸಿದ. ಹಳೇ ಸಾಲದ ಬಾಕಿಯನ್ನು ಹೊಸ ಸಾಲದೊಳಗೇ ಸೇರಿಸಿಬಿಡೋಣ, ಅಕ್ಕನಿಗೆ ಕಂತು ಒಂದೇ ಆಗುತ್ತದೆ, ತಲೆನೋವೂ ಒಂದೇ ಎಂದ. ಈ ಸಲ ಆಕೆ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿದಳು. ಅವನು ಹೇಳಿದ. ಆಕೆ ಕುರ್ಚಿಯಿಂದ ಎದ್ದಳು.

"ಯೋಚನೆ ಮಾಡಿ ಬನ್ನಿ ಅಕ್ಕ."

"ಮಾಡೇ ಎದ್ದಿದ್ದು."

ಮನೆಯಲ್ಲಿ ಅಮ್ಮ ಬಾಗಿಲ ಬಳಿ ಕೂತು ಬಟ್ಟೆ ಮಡಿಸುತ್ತಿದ್ದಳು. ಅಮ್ಮನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಪೊರೆ ಇರಬೇಕು ಎಂದು ಇಬ್ಬರೂ ತೀರ್ಮಾನಿಸಿದ್ದರು. ಆಪರೇಷನ್ನಿಗೆ ಎಂದು ಬ್ಯಾಂಕಿನಲ್ಲಿ ಒಂದಿಷ್ಟು ಹಣ ಎತ್ತಿಟ್ಟಿತ್ತು. ಅದನ್ನು ಮುಟ್ಟುವ ಮಾತು ಮಗಳು ಆಡಲಿಲ್ಲ. ಆಡಿದ್ದು ಅಮ್ಮನೇ.

"ಕಣ್ಣಿನ ದುಡ್ಡು ತೆಗಿ. ಒಂದೇ ಸಲ ಕೊಟ್ಟು ತಗೋ. ಇನ್ನೊಂದು ಕಂತಿನ ಸಹವಾಸ ಬೇಡ."

"ಅದು ಬೇಡಮ್ಮ."

"ಕಂಡರೂ ಏನು ನೋಡೋದಿದೆ ಹೇಳು. ನಿನ್ನ ಮೋರೆ ತಾನೆ? ಅದು ಊದಿಕೊಂಡಿದೆ ಅಂತ ನೋಡದೇನೇ ಗೊತ್ತು."

"ಬೇಡ ಅಂದ್ನಲ್ಲ."

"ಹಾಗಾದ್ರೆ ರೆಕ್ಕೆ ಕಟ್ಕೊಂಡು ಹಾರು."

ಒಂದು ವಾರ ಆಕೆ ಬಸ್ಸಿನಲ್ಲಿ ಹೋಗಿ, ಕೊನೆಯ ಸ್ಟಾಪಿನಿಂದ ನಡೆದಳು. ಎಲ್ಲ ಮನೆಗೂ ತಡವಾಯಿತು. ಒಂದು ಮನೆಯವರು ಏಜೆನ್ಸಿಗೆ ದೂರು ಕೊಟ್ಟರು. ಕೊನೆಯ ಮನೆ ಬಸ್ಸಜ್ಜನದು.

ಬಸ್ಸಜ್ಜ ನಿವೃತ್ತ ಬಸ್ ಡ್ರೈವರ್. ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿ ಮಲಗಿದಲ್ಲೇ ಇದ್ದ. ಮಗಳು ಶಾಲೆಯಲ್ಲಿ ಟೀಚರ್. ಸಂಜೆ ಶಾಲೆ ಬಿಟ್ಟಮೇಲೆ ಟ್ಯೂಷನ್ ಹೇಳಿ ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು. ನಡುವಿನ ಹೊತ್ತು ಅಜ್ಜ ಒಬ್ಬನೇ, ಚಾವಣಿ ನೋಡುತ್ತ. ನರ್ಸಕ್ಕ ಮಗ್ಗುಲು ಬದಲಿಸುವಾಗ ಹೆಗಲು ನೋಯುತ್ತಿದ್ದರೆ ಅಜ್ಜ "ಹೋಲ್ಡಾನ್!" ಎಂದು ಕೂಗುತ್ತಿದ್ದ, ಸರಿಯಾದರೆ "ರೈಟ್, ರೈಟ್". ಬಸ್ಸು ಬಿಟ್ಟರೂ ಬಸ್ಸಿನ ಮಾತು ಬಿಟ್ಟಿರಲಿಲ್ಲ.

ಆಕೆಯ ಚಪ್ಪಲಿಯ ಧೂಳು ನೋಡಿ ಅಜ್ಜನಿಗೆ ಎಲ್ಲ ಅರ್ಥವಾಯಿತು. ಶೆಡ್ಡಿನಲ್ಲಿ ತನ್ನ ಕಾರಿದೆ ಎಂದ. ಮಗಳು ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾಳೆ, ಓಡಿಸುವ ಧೈರ್ಯ ಅವಳಿಗಿಲ್ಲ.

"ನೀನು ತಗೋ."

"ದುಡ್ಡಿಲ್ಲ ಅಜ್ಜ."

"ದುಡ್ಡು ಕೇಳ್ದೋರು ಯಾರು? ನಂಗೆ ಸಂಜೆ ಬೇಕು."

ಅಜ್ಜನ ಲೆಕ್ಕ ಸರಳವಾಗಿತ್ತು. ಹಗಲಿನ ಭೇಟಿಗೆ ಏಜೆನ್ಸಿ ಅವರಿಂದ ಗಂಟೆಗಿಷ್ಟು ಎಂದು ವಸೂಲು ಮಾಡುತ್ತಿತ್ತು. ನರ್ಸಕ್ಕನ ಕೈಗೆ ಬರುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ಅಜ್ಜ ಆಕೆಯ ಸಂಜೆಗೆ ಏಜೆನ್ಸಿಯ ದರವನ್ನೇ ಹಿಡಿದ. ಕಾರಿಗೆ ಮೆಕ್ಯಾನಿಕ್ ಬಂದು ನೋಡಿ ಹೇಳಿದ ಬೆಲೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದೂವರೆ ವರ್ಷದಷ್ಟು ಸಂಜೆಗಳು, ಭಾನುವಾರ ಬಿಟ್ಟು. ಬಡ್ಡಿ ಇಲ್ಲ.

ಬರೆದಿಡೋಣ ಎಂದಳು ಟೀಚರ್. ಬರೆಯುವಂತಿರಲಿಲ್ಲ. ಏಜೆನ್ಸಿಯ ಗಿರಾಕಿಯ ಮನೆಯಲ್ಲಿ ಖಾಸಗಿಯಾಗಿ ದುಡಿದದ್ದು ಗೊತ್ತಾದರೆ ಅವತ್ತೇ ಕೆಲಸದಿಂದ ತೆಗೆಯುತ್ತಾರೆ.

"ಬಾಯಿಮಾತೇ ಸಾಕು," ಎಂದ ಅಜ್ಜ. "ಇನ್ನೊಂದು. ನಾನು ಮಧ್ಯದಲ್ಲೇ ಹೋಗಿಬಿಟ್ರೆ ಬಾಕಿ ಮನ್ನಾ. ದಾರೀಲಿ ಬಸ್ಸು ಕೆಟ್ಟು ನಿಂತ್ರೆ ಪ್ಯಾಸೆಂಜರ್ ತಪ್ಪೇನಿದೆ?"

"ಅಪ್ಪಾ, ಏನು ಮಾತು ಅದು" ಎಂದಳು ಮಗಳು. ಅಜ್ಜ ನಕ್ಕ. ನರ್ಸಕ್ಕನಿಗೂ ನಗು ಬಂತು. ಆ ಷರತ್ತಿನ ಬಗ್ಗೆ ಅಂದು ಯಾರೂ ಎರಡನೇ ಸಲ ಯೋಚಿಸಲಿಲ್ಲ.

ಕಾರು ಚೆನ್ನಾಗಿತ್ತು. ಸ್ಟೀರಿಂಗ್‌ಗೆ ಅಜ್ಜನೇ ದಾರ ಸುತ್ತಿದ್ದ, ಕೈ ಜಾರದಂತೆ. ಮೇಡಂ ಫೋಟೋ ಕೇಳಿದರು, ಕಳಿಸಿದಳು, ರೂಟು ಉಳಿಯಿತು. ಸತ್ತ ಕಾರಿನ ಕಂತು ತಿಂಗಳು ತಿಂಗಳೂ ಹೋಗುತ್ತಿತ್ತು. ಓಡುವ ಕಾರಿಗೆ ಒಂದು ಕಾಸೂ ಹೋಗುತ್ತಿರಲಿಲ್ಲ. ತನಗಿಂತ ಜಾಣತನದಿಂದ ಕಾರು ಕೊಂಡವರಿಲ್ಲ ಎಂದು ಮೊದಲ ಕೆಲವು ವಾರ ಆಕೆಗೆ ಅನ್ನಿಸಿತ್ತು. ಹಣವಿಲ್ಲದವರ ಹತ್ತಿರವೂ ಸಮಯವಿರುತ್ತದೆ ಎಂಬುದು ಆಕೆಯ ಎಣಿಕೆ.

ಎಣಿಕೆ ತಪ್ಪಿದ್ದು ಅಲ್ಲೇ. ಬೆಳಕು ಹರಿಯುವ ಮೊದಲು ಮನೆ ಬಿಟ್ಟವಳು ಸಂಜೆಯ ದುಡಿಮೆ ಮುಗಿಸಿ ಬರುವಾಗ ಅಮ್ಮ ತಟ್ಟೆ ಮುಚ್ಚಿಟ್ಟು ಮಲಗಿರುತ್ತಿದ್ದಳು. ಭಾನುವಾರ ನೀರು, ಬಟ್ಟೆ, ರೇಷನ್, ನಿದ್ದೆ. ಕಡಿಮೆ ಖರ್ಚಿನಲ್ಲಿ ನೋಡುವ ಕಣ್ಣಿನ ಡಾಕ್ಟರ್ ಕೂರುತ್ತಿದ್ದುದು ಗುರುವಾರ ಸಂಜೆ ಮಾತ್ರ. ಮುಂದಿನ ವಾರ ಹೋಗೋಣ ಎಂದು ಆಕೆ ಹೇಳುತ್ತಿದ್ದಳು. ಅಮ್ಮ ಸರಿ ಎನ್ನುತ್ತಿದ್ದಳು. ಆಪರೇಷನ್ನಿನ ಹಣ ಬ್ಯಾಂಕಿನಲ್ಲಿ ಹಾಗೇ ಇತ್ತು. ಇಲ್ಲದ್ದು ಸಂಜೆ.

ಅಮ್ಮ ಎಡಗಡೆ ಇಟ್ಟ ಲೋಟ ಕೆಡವತೊಡಗಿದಳು. ಬಾಗಿಲ ಚೌಕಟ್ಟಿಗೆ ಎಡ ಹೆಗಲು ತಾಗಿಸಿಕೊಳ್ಳುತ್ತಿದ್ದಳು. ಬೇರೆಯವರ ಬೆನ್ನಿನಲ್ಲಿ ಹುಣ್ಣು ಏಳುವ ಮೊದಲೇ ಚರ್ಮದ ಕೆಂಪು ಗುರುತಿಸುವ ನರ್ಸಕ್ಕ, "ನೋಡ್ಕೊಂಡು ನಡಿಯಮ್ಮ" ಎಂದು ಗೊಣಗಿ ನೆಲ ಒರೆಸಿದಳು.

ಬಸ್ಸಜ್ಜನ ಸಂಜೆಗಳು ಮಾತ್ರ ಕಳೆಗಟ್ಟಿದವು. ಆಕೆ ಕಿಟಕಿ ತೆಗೆದು, ಮಗ್ಗುಲು ಬದಲಿಸಿ, ಬೆನ್ನು ಒರೆಸಿ ಪೌಡರ್ ಹಾಕಿ, ಚಹಾ ಕುಡಿಸಿ ಕೂರುತ್ತಿದ್ದಳು. ಅಜ್ಜ ಸಾಲಕ್ಕೇ ಒಂದು ರೂಟು ಮಾಡಿಕೊಂಡಿದ್ದ. ತಾನು ಬಸ್ಸು ಓಡಿಸುತ್ತಿದ್ದ ದಾರಿಯಲ್ಲಿ ಇಷ್ಟು ಸಂಜೆಗೆ ಒಂದು ಸ್ಟಾಪು.

"ಇವತ್ತು ಎಲ್ಲಿಗೆ ಬಂದ್ವಿ?"

"ನೀವೇ ಹೇಳಬೇಕು ಅಜ್ಜ, ಡ್ರೈವರ್ ನೀವು."

"ಮರದ ಮಿಲ್ಲು ದಾಟಿದ್ವಿ. ಮುಂದಿಂದು ಆಸ್ಪತ್ರೆ ಸ್ಟಾಪು. ಅಲ್ಲಿ ಇಳಿಯೋರು ಜಾಸ್ತಿ, ಹತ್ತೋರು ಕಡಿಮೆ."

ಅರ್ಧ ದಾರಿ ದಾಟಿದ ಮೇಲೆ ಅಜ್ಜನಿಗೆ ಎದೆ ಕಟ್ಟಿತು. ಮೊದಲು ಕೆಮ್ಮು, ಆಮೇಲೆ ಜ್ವರ, ಆಮೇಲೆ ಉಸಿರಿನ ಜೊತೆ ಗೊರಗೊರ ಸದ್ದು. ಮನೆಗೆ ಬಂದ ಡಾಕ್ಟರು ಟೀಚರನ್ನು ಅಡುಗೆಮನೆಗೆ ಕರೆದು ಮಾತಾಡಿದರು. ನರ್ಸಕ್ಕನಿಗೆ ಅದು ಕೇಳಿಸಿತು. ಔಷಧಿ ಕೊಟ್ಟಿದ್ದೇನೆ, ವಯಸ್ಸಾಗಿದೆ, ಈ ವಾರ ದಾಟುವುದು ಕಷ್ಟ, ಹೇಳಬೇಕಾದವರಿಗೆಲ್ಲ ಹೇಳಿಬಿಡಿ.

ಆ ದಿನ ಆಕೆ ಮನೆಗೆ ಬಂದಾಗ ಅಮ್ಮ ಇನ್ನೂ ಎಚ್ಚರವಿದ್ದಳು. ಕೈಕಾಲು ತೊಳೆದು, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಆಕೆ ಹೇಳಿದಳು:

"ಅಮ್ಮಾ, ಮುಂದಿನ ಗುರುವಾರ ಸಂಜೆ ಖಾಲಿ ಇರ್ತೀನಿ. ಕಣ್ಣಿನ ಡಾಕ್ಟರ ಹತ್ರ ಹೋಗಿಬಿಡೋಣ."

"ಅಜ್ಜನ ಮನೆ?"

ನರ್ಸಕ್ಕ ಟವೆಲ್ ಮುಖದಿಂದ ತೆಗೆಯಲಿಲ್ಲ.

ಅಮ್ಮನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಉಸಿರಾಡ್ತಾ ಇದ್ದಾನಲ್ಲೇ ಇನ್ನೂ" ಎಂದಳು. ಬೈಗುಳವಿರಲಿಲ್ಲ ಅದರಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ಆಕೆ ಉಣ್ಣಲಿಲ್ಲ. ಹೊರಗೆ ಹೋಗಿ ಕಾರಿನಲ್ಲಿ ಕೂತಳು, ಸ್ಟೀರಿಂಗಿನ ದಾರದ ಮೇಲೆ ಕೈಯಿಟ್ಟು. ಅಜ್ಜ ಸಾಯಲಿ ಎಂದು ಆಕೆ ಬಯಸಿರಲಿಲ್ಲ. ಔಷಧಿಯಲ್ಲಿ, ಆರೈಕೆಯಲ್ಲಿ ಒಂದು ಚಮಚವೂ ಕಡಿಮೆ ಮಾಡಿರಲಿಲ್ಲ. ಆದರೆ ಅಡುಗೆಮನೆಯ ಬಾಗಿಲಿಗೂ ತನ್ನ ಮನೆಯ ಬಾಗಿಲಿಗೂ ನಡುವೆ, ಗೇರು ಬದಲಿಸುತ್ತ, ಸಿಗ್ನಲ್ಲಿನಲ್ಲಿ ನಿಲ್ಲುತ್ತ, ಆಕೆಯ ತಲೆ ತನ್ನಷ್ಟಕ್ಕೆ ಆ ಮನುಷ್ಯನನ್ನು ತೆಗೆದು ಆ ಜಾಗದಲ್ಲಿ ಕಣ್ಣಿನ ಡಾಕ್ಟರನ್ನು ಕೂರಿಸಿತ್ತು. ನಾಳೆ ಅವನ ಬೆನ್ನು ಒರೆಸುವಾಗ ಈ ಕೈ ಯಾರ ಕೈ? ಗಂಜಿಯ ಚಮಚ ಬಾಯಿಗಿಡುವಾಗ, ನೆತ್ತಿಗೇರಿದರೆ, ಆ ಒಂದು ಕ್ಷಣ ತಾನು ಯಾರ ಕಡೆ? ಅಂಗಡಿಯವನ ಸಾಲದಲ್ಲಿ ಕಳೆದದ್ದು ಹಣ ಮಾತ್ರ. ಈ ಸಾಲದಲ್ಲಿ ಬಡ್ಡಿ ಬೇರೆ ಕಡೆಯಿಂದ ಬೆಳೆದಿತ್ತು.

ಮರುದಿನ ಬೆಳಿಗ್ಗೆ ಮೊದಲ ಮನೆಗೆ ಹೋಗುವ ಬದಲು ಆಕೆ ನೇರ ಬಸ್ಸಜ್ಜನ ಮನೆಗೆ ಹೋದಳು. ಟೀಚರ್ ಶಾಲೆಗೆ ರಜೆ ಹಾಕಿ, ಅಪ್ಪನ ಮುಖಕ್ಕೆ ಔಷಧಿಯ ಹಬೆಯ ಮಾಸ್ಕ್ ಹಿಡಿದು ಕೂತಿದ್ದಳು. ನರ್ಸಕ್ಕ ನಿಂತೇ ಹೇಳಿದಳು. ಬಾಕಿ ಮನ್ನಾ ಎನ್ನುವ ಮಾತು ಬೇಡ. ಅಜ್ಜ ಇರುವ ತನಕ ಸಂಜೆಗಳಲ್ಲಿ ತೀರಿಸುತ್ತೇನೆ. ಅಜ್ಜ ಇಲ್ಲದಿದ್ದರೆ ಉಳಿದದ್ದನ್ನು ಹಣದಲ್ಲಿ, ನಿಮಗೆ, ಹಳೇ ಕಂತು ಮುಗಿದ ತಿಂಗಳಿನಿಂದ.

"ನಿಮಗೇನು ತಲೆ ಕೆಟ್ಟಿದೆಯಾ ಅಕ್ಕ? ಅಷ್ಟು ದುಡ್ಡು ಎಲ್ಲಿಂದ ತರ್ತೀರಿ? ಅಪ್ಪನೇ ಬೇಡ ಅಂದಮೇಲೆ ನಿಮಗ್ಯಾಕೆ?"

ಕಾರಣ ಹೇಳದೆ ಹೋಗಬಹುದಿತ್ತು. ಆಕೆ ಹೇಳಿದಳು. "ನಿನ್ನೆ ಡಾಕ್ಟರು ಹೇಳಿದ್ದು ಕೇಳಿಸ್ತು. ಮನೆಗೆ ಹೋಗಿ ಅಮ್ಮಂಗೆ, ಮುಂದಿನ ಗುರುವಾರ ಖಾಲಿ ಇರ್ತೀನಿ ಅಂದೆ."

ಟೀಚರ್ ತಲೆಯೆತ್ತಿ ನೋಡಿದಳು. ಆಕೆಯ ಮುಖದಲ್ಲಿ ಬಂದದ್ದು ಸಿಟ್ಟೋ ಅಸಹ್ಯವೋ ನರ್ಸಕ್ಕನಿಗೆ ತಿಳಿಯಲಿಲ್ಲ. ಎರಡಕ್ಕೂ ಆಕೆ ಸಿದ್ಧವಾಗಿ ಬಂದಿದ್ದಳು. ಕಾರಿನ ಕೀಲಿಯನ್ನೂ ಕೈಯಲ್ಲೇ ಹಿಡಿದಿದ್ದಳು, ಇಟ್ಟು ಹೋಗು ಎಂದರೆ ಇಡಲು. ಇಟ್ಟರೆ ರೂಟು ಹೋಗುತ್ತಿತ್ತು, ಬಾಡಿಗೆ ಮನೆಯೂ ಅದರ ಹಿಂದೆ.

ಅಜ್ಜ ಮಗಳ ಕೈಯನ್ನು ಸರಿಸಿದ. ಮಾತಿಗೂ ಮಾತಿಗೂ ನಡುವೆ ಉಸಿರು ಎಳೆಯಬೇಕಿತ್ತು.

"ಡಾಕ್ಟರು ಈ ವಾರ ದಾಟಲ್ಲ ಅಂದಿದ್ದು ನಂಗೂ ಕೇಳಿಸ್ತು. ಇವಳ ಲೆಕ್ಕ ಸರಿಯಾಗೇ ಇದೆ."

"ಅಪ್ಪಾ!"

"ಸುಮ್ನಿರು." ಅಜ್ಜ ನರ್ಸಕ್ಕನನ್ನು ನೋಡಿದ. "ಅಂದ್ರೆ ಈಗ ನಾನು ಹೋದ್ರೆ ನಿಂಗೆ ನಷ್ಟ."

"ದೊಡ್ಡ ನಷ್ಟ ಅಜ್ಜ. ಕಟ್ಟೋಕೆ ದುಡ್ಡಿಲ್ಲ ನನ್ನ ಹತ್ರ."

"ಇದ್ರೆ ಲಾಭ."

"ಹೂಂ."

"ಹಾಗಾದ್ರೆ ಇವತ್ತು ಬೆನ್ನು ಸರಿಯಾಗಿ ತಿಕ್ಕು. ನಿನ್ನೆ ಬರೀ ಸವರಿದ ಹಾಗಿತ್ತು."

ನರ್ಸಕ್ಕ ಕೀಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ತೊಳೆದುಕೊಂಡು ಬಂದು, ಅಜ್ಜನನ್ನು ಮಗ್ಗುಲಿಗೆ ಹೊರಳಿಸಿ ಕಫ ಸಡಿಲವಾಗಲೆಂದು ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟತೊಡಗಿದಳು. ಟೀಚರ್ ಬಾಗಿಲಲ್ಲಿ ನಿಂತು ನೋಡಿದಳು. ನರ್ಸಕ್ಕ ಹೊರಟಾಗ ಕೀಲಿ ಎತ್ತಿ ಕೊಟ್ಟಳು. "ಗುರುವಾರ ನಾನು ಟ್ಯೂಷನ್ ಬಿಡ್ತೀನಿ. ನೀವು ಅಮ್ಮನ್ನ ಕರ್ಕೊಂಡು ಹೋಗಿ. ಆ ಸಂಜೆ ಲೆಕ್ಕಕ್ಕೆ ಬರಲ್ಲ." ದನಿಯಲ್ಲಿ ಸ್ನೇಹವಿರಲಿಲ್ಲ.

ಗುರುವಾರದ ತನಕ ಅಜ್ಜ ಉಳಿದ. ಚೇತರಿಸಿಕೊಂಡ ಎನ್ನುವಂತಿಲ್ಲ. ಜ್ವರ ಇಳಿದಿತ್ತು, ಗೊರಗೊರ ಹಾಗೇ ಇತ್ತು.

ಕಣ್ಣಿನ ಡಾಕ್ಟರ ಕೋಣೆಯಲ್ಲಿ ಅಮ್ಮ ಗಲ್ಲವನ್ನು ಯಂತ್ರದ ಮೇಲಿಟ್ಟು ಬಹಳ ಹೊತ್ತು ಕೂತಳು. ಡಾಕ್ಟರು ದೀಪ ಹಾಕಿ, ಪೊರೆ ಇದೆ, ಆದರೆ ತೊಂದರೆ ಅದಲ್ಲ ಎಂದರು. ಕಣ್ಣಿನೊಳಗಿನ ಒತ್ತಡ ಏರಿದೆ. ಎಡಗಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿದರೂ ಆ ನೋಟ ಬರುವುದಿಲ್ಲ. ಬಲಗಣ್ಣನ್ನು ಇವತ್ತಿನಿಂದ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ಚೀಟಿ ಬರೆಯುತ್ತ, ಯಾವ ಭಾವವೂ ಇಲ್ಲದೆ ಸೇರಿಸಿದರು: "ಆರೇಳು ತಿಂಗಳು ಮೊದಲೇ ಬಂದಿದ್ದರೆ ಚೆನ್ನಾಗಿತ್ತು."

ಆರೇಳು ತಿಂಗಳ ಹಿಂದೆ ಆಕೆ ಮರದ ಮಿಲ್ಲು ದಾಟುತ್ತಿದ್ದಳು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಔಷಧಿಯ ಕೌಂಟರಿನಲ್ಲಿ ಸಾಲಿತ್ತು. ಅಮ್ಮ ಮಗಳ ಬಲಕ್ಕೆ ಕೂತಿದ್ದಳು. ಆಮೇಲೆ ಎದ್ದು, ತಡವಿಕೊಂಡು ಎಡಕ್ಕೆ ಬಂದು ಕೂತಳು.

"ಈ ಕಡೆಯಿಂದ ನೀನು ಕಾಣ್ತೀಯ" ಎಂದಳು.



ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಟೀಚರ್ ಹೆಸರು. ಆಕೆ ತಕ್ಷಣ ಎತ್ತಲಿಲ್ಲ. ಈ ಹೊತ್ತಿಗೆ ಆ ಮನೆಯಿಂದ ಫೋನು ಬರುವುದು ಒಂದೇ ಕಾರಣಕ್ಕೆ. ಒಂದು ರಿಂಗು ಆಗುವಷ್ಟು ಹೊತ್ತು ಆಕೆ ತನ್ನ ಎದೆಯೊಳಗೆ ಏನೇಳುತ್ತದೆ ಎಂದು ನೋಡಿದಳು. ಎದ್ದದ್ದು ಭಯ. ಕಟ್ಟಲಾರದ ಹಣದ ಭಯ, ಗೊರಗೊರ ನಿಂತುಹೋದ ಕೋಣೆಯ ಭಯ, ಯಾವುದು ಎಷ್ಟು ಎಂದು ಬಿಡಿಸಲಾಗದಂತೆ. ಬೇರೇನೂ ಏಳಲಿಲ್ಲ. ಆಕೆ ಎತ್ತಿದಳು.

"ಅಕ್ಕಾ, ಅಪ್ಪನ್ನ ಎಡಕ್ಕೆ ಹೊರಳಿಸೋದು ಹೇಗೆ? ಅರ್ಧ ತಿರುಗಿಸಿ ಸಿಕ್ಕಿಹಾಕ್ಕೊಂಡಿದ್ದೀನಿ."

"ಮೊದಲು ಮಂಡಿ ಮಡಚಿ. ಆಮೇಲೆ ಹೆಗಲು ಅಲ್ಲ, ಸೊಂಟ ಹಿಡೀರಿ. ಎಳೀಬೇಡಿ, ಹೊರಳಿಸಿ."

ಫೋನಿನ ಆಚೆಯಿಂದ, ಕೆಮ್ಮಿನ ನಡುವೆ, ಸಾಲಿನಲ್ಲಿ ನಿಂತವರಿಗೂ ಕೇಳಿಸುವಷ್ಟು ಜೋರಾಗಿ ಕೂಗು ಬಂತು. "ಹೋಲ್ಡಾನ್! ಹೋಲ್ಡಾನ್ ಅಂದ್ರೆ!"

"ಯಾರೇ ಅದು ಹಾಗೆ ಕಿರುಚ್ತಿರೋದು?" ಎಂದಳು ಅಮ್ಮ.

"ನಮ್ಮ ಕಾರಿನ ಸಾಲ ಅಮ್ಮ."

ಅಮ್ಮ ಕಿವಿಗೊಟ್ಟು ಕೇಳಿದಳು. "ಗಂಟಲು ಗಟ್ಟಿ ಇದೆ. ಇನ್ನೂ ಒಂದಷ್ಟು ದಿನ ಕಟ್ಟಿಸಿಕೊಳ್ಳುತ್ತೆ ಬಿಡು."

ನರ್ಸಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕೌಂಟರಿನಿಂದ ಅಮ್ಮನ ಹೆಸರು ಕೂಗಿದರು, ಆಕೆ ಏಳಲಿಲ್ಲ. ಆಚೆ ಹಾಸಿಗೆ ಕಿರುಗುಟ್ಟಿತು, ಟೀಚರ್ ಏದುಸಿರು ಬಿಟ್ಟಳು, ಆಮೇಲೆ ಸ್ವಲ್ಪ ಹೊತ್ತು ಯಾವ ಸದ್ದೂ ಇರಲಿಲ್ಲ. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಆಕೆ ಕಾದಳು.

"ರೈಟ್" ಎಂದಿತು ಆ ದನಿ.